ಕೂಗು ಜೋರಾದರೆ ಏನರ್ಥ? ಥೈರಾಯ್ಡ್ ವರದಿ ಓದುವ ಬಗೆ, ಮಾತ್ರೆ ನುಂಗುವ ಕ್ರಮ

ಲ್ಯಾಬಿನಿಂದ ವಾಟ್ಸ್‌ಆ್ಯಪ್‌ಗೆ ಬಂದ ವರದಿಯಲ್ಲಿ ಮೂರು ಸಾಲು. ಟಿ3 ಸರಿ, ಟಿ4 ಸರಿ, ಟಿಎಸ್‌ಎಚ್ ಎದುರು ಮಾತ್ರ ದಪ್ಪ ಅಕ್ಷರದಲ್ಲಿ 7.8. ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಸುದ್ದಿ: "ಅಕ್ಕನಿಗೆ ಥೈರಾಯ್ಡ್ ಅಂತೆ." ಒಬ್ಬರು ಎಲೆಕೋಸು ಬಿಡು ಎನ್ನುತ್ತಾರೆ. ಇನ್ನೊಬ್ಬರು, ಮಾತ್ರೆ ಶುರುವಾದರೆ ಜೀವಮಾನವಿಡೀ ತಪ್ಪಿದ್ದಲ್ಲ ಎಂದು ಹೆದರಿಸುತ್ತಾರೆ. ವರ್ಷಗಳಿಂದ ಮಾತ್ರೆ ನುಂಗುತ್ತಿರುವ ಚಿಕ್ಕಮ್ಮನ ಗೋಳು ಬೇರೆಯೇ: ಡೋಸ್ ಏರುತ್ತಲೇ ಇದೆ, ಸುಸ್ತು ಇಳಿದಿಲ್ಲ. ವಿಚಾರಿಸಿದರೆ, ಮಾತ್ರೆ ಗಂಟಲಿಗಿಳಿಯುವುದು ಬೆಳಗಿನ ಕಾಫಿಯ ಜೊತೆ. ತಿಂಡಿಯಾದ ಮೇಲೆ ಕ್ಯಾಲ್ಸಿಯಂ ಮಾತ್ರೆ.

ಅಕ್ಕನ ಗಾಬರಿಗೂ ಚಿಕ್ಕಮ್ಮನ ಸುಸ್ತಿಗೂ ಪರಿಹಾರ ಶುರುವಾಗುವುದು ಒಂದೇ ಕಡೆಯಿಂದ. ಟಿಎಸ್‌ಎಚ್ ಎಂಬ ಹಾರ್ಮೋನನ್ನು ಥೈರಾಯ್ಡ್ ತಯಾರಿಸುವುದೇ ಇಲ್ಲ. ಅದು ಮೆದುಳಿನ ಬುಡದಿಂದ ಥೈರಾಯ್ಡಿಗೆ ಬರುವ ಕರೆ. ಆ ಕರೆ ಯಾಕೆ ಜೋರಾಗುತ್ತದೆ, ಯಾಕೆ ತಗ್ಗುತ್ತದೆ ಎಂಬುದು ಗೊತ್ತಾದರೆ ವರದಿಯ ಅಂಕಿಗಳಿಗೆ ಅರ್ಥ ಬರುತ್ತದೆ, ಮಾತ್ರೆಯ ಕಟ್ಟುಪಾಡುಗಳೂ ಹೊರೆಯೆನಿಸುವುದಿಲ್ಲ.

ಗ್ರಂಥಿ ಎಚ್ಚೆತ್ತುಕೊಳ್ಳುವ ಮೂರು ದಾರಿ

ಹಾರ್ಮೋನೆಂದರೆ ಒಂದು ಗ್ರಂಥಿ ರಕ್ತಕ್ಕೆ ಬಿಡುವ ಸಂದೇಶ. ಬ್ರಿಟಿಷ್ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1905ರಲ್ಲಿ ಈ ಪದವನ್ನು ಬಳಕೆಗೆ ತಂದರು. ಅದರ ಗ್ರೀಕ್ ಮೂಲಕ್ಕೆ 'ಚಾಲನೆ ಕೊಡು' ಎಂಬ ಅರ್ಥವಿದೆ. ಆದರೆ ಚಾಲನೆ ಕೊಡುವ ಹಾರ್ಮೋನಿಗೂ ಯಾರೋ ಚಾಲನೆ ಕೊಡಬೇಕು. ಅದು ಮೂರು ಬಗೆಯಲ್ಲಿ ಆಗುತ್ತದೆ.

ಒಂದು, ರಕ್ತವೇ ಸುಳಿವು ಕೊಡುತ್ತದೆ. ಊಟವಾಗಿ ಸಕ್ಕರೆ ಏರಿದರೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಎರಡು, ನರದ ಮೂಲಕ ಆಜ್ಞೆ ಬರುತ್ತದೆ. ಹಸುಗೂಸು ಮೊಲೆಗೆ ಬಾಯಿ ಹಾಕಿದಾಗ ತಾಯಿಯ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಹೊರಟು ಹಾಲು ಇಳಿಯುತ್ತದೆ. ಎಷ್ಟೋ ತಾಯಂದಿರಿಗೆ ಮಗುವಿನ ಅಳು ಕಿವಿಗೆ ಬಿದ್ದರೂ ಸಾಕು. ಮೂರು, ಒಂದು ಹಾರ್ಮೋನು ಇನ್ನೊಂದು ಗ್ರಂಥಿಯನ್ನು ಎಬ್ಬಿಸುತ್ತದೆ. ಥೈರಾಯ್ಡಿನದು ಮುಖ್ಯವಾಗಿ ಈ ಮೂರನೆಯ ದಾರಿ.

ಕೂಗು ಮತ್ತು ಓಗೊಡುವಿಕೆ

ಗದ್ದೆಯ ಆಚೆ ಬದಿಯಲ್ಲಿ ಕೆಲಸದಲ್ಲಿರುವವರನ್ನು ಊಟಕ್ಕೆ ಕರೆಯುವುದನ್ನು ನೆನೆಸಿಕೊಳ್ಳಿ. ಮೊದಲ ಕೂಗಿಗೇ 'ಓ' ಬಂದರೆ ಕರೆದವರು ಸುಮ್ಮನಾಗುತ್ತಾರೆ. ಉತ್ತರ ಬಾರದಿದ್ದರೆ ದನಿ ಏರುತ್ತದೆ. ದೇಹದೊಳಗೆ ಕರೆಯುವುದು ಪಿಟ್ಯುಟರಿ, ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿ. ಅದರ ಕೂಗೇ ಟಿಎಸ್‌ಎಚ್. ಓಗೊಡಬೇಕಾದದ್ದು ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಂತೆ ರೆಕ್ಕೆ ಹರಡಿರುವ ಥೈರಾಯ್ಡ್. ಅದರ ಉತ್ತರ ಟಿ4 ಮತ್ತು ಟಿ3. ಹೆಸರಿನ ಅಂಕಿ, ಅಣುವಿನಲ್ಲಿರುವ ಅಯೋಡಿನ್ ಪರಮಾಣುಗಳ ಲೆಕ್ಕ.

ಪಿಟ್ಯುಟರಿಯ ಬೆನ್ನಿಗೆ ಮೆದುಳಿನದೇ ಭಾಗವಾದ ಹೈಪೊಥಲಾಮಸ್ ಇದೆ. ಅದು ಟಿಆರ್‌ಎಚ್ ಎಂಬ ಹಾರ್ಮೋನಿನಿಂದ ಪಿಟ್ಯುಟರಿಯನ್ನು ಎಬ್ಬಿಸುತ್ತದೆ. ಈ ಪುಟ್ಟ ಅಣುವಿನ ರಚನೆ ಬಿಡಿಸಲು ರೋಜರ್ ಗಿಯೆಮಿನ್ ಮತ್ತು ಆ್ಯಂಡ್ರ್ಯೂ ಶಾಲಿ ಅವರ ತಂಡಗಳು ಕುರಿ, ಹಂದಿಗಳ ಲಕ್ಷಗಟ್ಟಲೆ ಹೈಪೊಥಲಾಮಸ್‌ಗಳನ್ನು ಸಂಸ್ಕರಿಸಬೇಕಾಯಿತು. ಇಬ್ಬರೂ 1977ರ ನೊಬೆಲ್ ಬಹುಮಾನವನ್ನು ರೊಸಲಿನ್ ಯಾಲೊ ಅವರ ಜೊತೆ ಹಂಚಿಕೊಂಡರು. ಯಾಲೊ ರೂಪಿಸಿದ ವಿಧಾನದಿಂದಲೇ ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹಾರ್ಮೋನುಗಳನ್ನು ಅಳೆಯುವುದು ಸಾಧ್ಯವಾಯಿತು.

ರಕ್ತದಲ್ಲಿ ಟಿ4, ಟಿ3 ಸಾಕಷ್ಟಾದಾಗ ಅವೇ ಮೇಲಕ್ಕೆ ಹೋಗಿ ಪಿಟ್ಯುಟರಿಯನ್ನೂ ಹೈಪೊಥಲಾಮಸ್ಸನ್ನೂ ಸುಮ್ಮನಾಗಿಸುತ್ತವೆ. ಈ ಹಿಮ್ಮರಳಿಕೆಯ ಹಿಡಿತ ಬಹಳ ಸೂಕ್ಷ್ಮ. ಟಿ4 ಸ್ವಲ್ಪ ಕುಸಿದರೂ ಟಿಎಸ್‌ಎಚ್ ಹಲವು ಪಟ್ಟು ಜಿಗಿಯುತ್ತದೆ. ಅಕ್ಕನ ವರದಿಯಲ್ಲಿ ಟಿ4 ಸರಿಯಿದ್ದೂ ಟಿಎಸ್‌ಎಚ್ ಏರಿದ್ದಕ್ಕೆ ಇದೇ ಕಾರಣ: ಗ್ರಂಥಿ ಕೆಲಸ ಮಾಡುತ್ತಿದೆ, ಆದರೆ ಎರಡೆರಡು ಸಲ ಕೂಗಿಸಿಕೊಂಡು ಮಾಡುತ್ತಿದೆ.

ಥೈರಾಯ್ಡಿಗೆ ಇನ್ನೊಂದು ವಿಶೇಷವಿದೆ. ಅದು ಎರಡು ಮೂರು ತಿಂಗಳಿಗೆ ಸಾಲುವಷ್ಟು ಹಾರ್ಮೋನನ್ನು ಕಣಜದಲ್ಲಿ ತುಂಬಿಟ್ಟಂತೆ ತನ್ನೊಳಗೇ ಇಟ್ಟುಕೊಂಡಿರುತ್ತದೆ. ರಕ್ತಕ್ಕೆ ಬಂದ ಟಿ4 ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಜೀವಕೋಶಗಳಲ್ಲಿ ಅದು ಟಿ3 ಆಗಿ ಬದಲಾಗಿ, ಕೋಶಕೇಂದ್ರದ ವಂಶವಾಹಿಗಳ ಮೇಲೆ ಕೆಲಸ ಮಾಡುತ್ತದೆ. ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ಕೊಲೆಸ್ಟರಾಲ್ ವಿಲೇವಾರಿ, ಮುಟ್ಟಿನ ಲಯ ಎಲ್ಲದರಲ್ಲೂ ಅದರ ಕೈಯಿದೆ. ಹೀಗಾಗಿಯೇ ಕೊರತೆಯಾದಾಗ ಸುಸ್ತು, ಚಳಿ, ಮಲಬದ್ಧತೆ, ಒಣಚರ್ಮ, ಅತಿಸ್ರಾವ ಒಟ್ಟಿಗೆ ಕಾಣಿಸಿಕೊಳ್ಳಬಹುದು. ಎಲ್ಲವೂ ನಿಧಾನವಾಗಿ ಬರುತ್ತವೆ, ನಿಧಾನವಾಗಿಯೇ ಹೋಗುತ್ತವೆ.

ಕೊರತೆ ತುಂಬಿಕೊಟ್ಟರೆ ಸಾಕು ಎಂಬುದು ಗೊತ್ತಾಗಿ ನೂರಕ್ಕೂ ಹೆಚ್ಚು ವರ್ಷವಾಯಿತು. 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು, ಥೈರಾಯ್ಡ್ ಕೊರತೆಯಿಂದ ಊದಿಕೊಂಡು ಮಂಕಾಗಿದ್ದ 46ರ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರ ಚುಚ್ಚಿದರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. ಈಗಿನ ಲೆವೊಥೈರಾಕ್ಸಿನ್ ಮಾತ್ರೆಯಲ್ಲಿರುವುದು ಪ್ರಯೋಗಾಲಯದಲ್ಲಿ ತಯಾರಾದ ಟಿ4. ಗ್ರಂಥಿ ಬಿಡುವ ಟಿ4ಕ್ಕೂ ಅದಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ.

ವರದಿ ಓದುವ ಬಗೆ

ವಯಸ್ಕರಿಗೆ ಟಿಎಸ್‌ಎಚ್‌ನ ವಾಡಿಕೆಯ ಮಿತಿ ಸುಮಾರು 0.4ರಿಂದ 4ರವರೆಗೆ. ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸವಿರುತ್ತದೆ, ಆದ್ದರಿಂದ ನಿಮ್ಮ ವರದಿಯಲ್ಲೇ ಮುದ್ರಿಸಿರುವ ಮಿತಿಯನ್ನು ನೋಡಿ. ಮಾನ 'ಮೈಕ್ರೊ ಯೂನಿಟ್, ಪ್ರತಿ ಮಿಲಿಲೀಟರಿಗೆ' ಎಂದಿರಲಿ, 'ಮಿಲಿ ಯೂನಿಟ್, ಪ್ರತಿ ಲೀಟರಿಗೆ' ಎಂದಿರಲಿ, ಅಂಕಿ ಒಂದೇ. ಟಿಎಸ್‌ಎಚ್ ಜೊತೆಗೆ ಫ್ರೀ ಟಿ4 ಇದ್ದರೆ ಚಿತ್ರ ಸ್ಪಷ್ಟವಾಗುತ್ತದೆ. ರಕ್ತದ ಟಿ4ರಲ್ಲಿ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕೆಲಸಕ್ಕೆ ಬರುವುದು ಬಿಡಿಯಾಗಿರುವ ಚೂರು ಭಾಗ ಮಾತ್ರ. ಫ್ರೀ ಟಿ4 ಅಳೆಯುವುದು ಅದನ್ನೇ.

1. ಟಿಎಸ್‌ಎಚ್ ಹೆಚ್ಚು, ಫ್ರೀ ಟಿ4 ಕಡಿಮೆ: ಕೂಗು ಜೋರು, ಉತ್ತರ ಕ್ಷೀಣ. ಥೈರಾಯ್ಡ್ ಸೋತಿದೆ, ಸಾಮಾನ್ಯವಾಗಿ ಮಾತ್ರೆ ಬೇಕು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಇದಕ್ಕೆ ಮುಖ್ಯ ಕಾರಣ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಗೆಡಹುವ ಹಶಿಮೊಟೊ ಕಾಯಿಲೆ. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು.

2. ಟಿಎಸ್‌ಎಚ್ ಹೆಚ್ಚು, ಫ್ರೀ ಟಿ4 ಸರಿ: ಅಕ್ಕನ ಸ್ಥಿತಿ. ಒಂದೇ ವರದಿ ನೋಡಿ ತೀರ್ಮಾನಿಸುವಂತಿಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿದಾಗ ಹಲವರಲ್ಲಿ ತಾನಾಗಿ ಸರಿಹೋಗಿರುತ್ತದೆ. 10 ದಾಟಿ ನಿಂತರೆ ವೈದ್ಯರು ಸಾಮಾನ್ಯವಾಗಿ ಚಿಕಿತ್ಸೆ ಶುರು ಮಾಡುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ ವಯಸ್ಸು, ಲಕ್ಷಣ, ಗರ್ಭ ಧರಿಸುವ ಯೋಚನೆ, ಹಶಿಮೊಟೊದ ಸುಳಿವು ಕೊಡುವ ಆ್ಯಂಟಿ ಟಿಪಿಒ ಪರೀಕ್ಷೆ ಎಲ್ಲವನ್ನೂ ತೂಗಿ ನೋಡಬೇಕಾಗುತ್ತದೆ.

3. ಟಿಎಸ್‌ಎಚ್ ಕಡಿಮೆ, ಫ್ರೀ ಟಿ4 ಹೆಚ್ಚು: ಉತ್ತರ ಅತಿಯಾಗಿ, ಕರೆಯುವವರು ಬಾಯಿ ಮುಚ್ಚಿದ್ದಾರೆ. ಗ್ರೇವ್ಸ್ ಕಾಯಿಲೆಯಲ್ಲಿ ಹೀಗಾಗುತ್ತದೆ. ಅಲ್ಲಿ ದೇಹವೇ ತಯಾರಿಸಿದ ಪ್ರತಿಕಾಯಗಳು ಪಿಟ್ಯುಟರಿಯ ದನಿಯನ್ನು ಅನುಕರಿಸಿ ಥೈರಾಯ್ಡನ್ನು ಬಿಡುವಿಲ್ಲದೆ ದುಡಿಸುತ್ತವೆ. ಎದೆಬಡಿತ, ಕೈನಡುಕ, ತೂಕ ಇಳಿಕೆ, ಸೆಕೆ ತಾಳದಿರುವುದು ಇದರ ಗುರುತು. ಮಾತ್ರೆಯ ಡೋಸ್ ಹೆಚ್ಚಾದಾಗಲೂ ವರದಿ ಹೀಗೆಯೇ ಬರಬಹುದು.

4. ಫ್ರೀ ಟಿ4 ಕಡಿಮೆ, ಆದರೂ ಟಿಎಸ್‌ಎಚ್ ಸರಿ ಅಥವಾ ಕಡಿಮೆ: ಉತ್ತರ ಬಾರದಿದ್ದರೂ ಕೂಗಿಲ್ಲ. ಅಂದರೆ ತೊಂದರೆ ಕರೆಯುವವರಲ್ಲೇ ಇರಬಹುದು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ಕೆಲವು ತಾಯಂದಿರಲ್ಲಿ ಪಿಟ್ಯುಟರಿಗೇ ಪೆಟ್ಟು ಬಿದ್ದಿರುತ್ತದೆ. ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಎದೆಹಾಲು ಬಾರದಿರುವುದು, ಮುಟ್ಟು ಮರಳದಿರುವುದು, ವರ್ಷಗಟ್ಟಲೆ ನಿಶ್ಶಕ್ತಿ ಇದರ ಲಕ್ಷಣ. ಟಿಎಸ್‌ಎಚ್ ಒಂದನ್ನೇ ಪರೀಕ್ಷಿಸಿದರೆ ಇಂಥವರ ವರದಿ 'ನಾರ್ಮಲ್' ಎಂದು ಬಂದು ಕಾಯಿಲೆ ಮರೆಯಾಗಿಬಿಡುತ್ತದೆ.

ರಕ್ತ ಕೊಡುವ ಮುನ್ನ

ಥೈರಾಯ್ಡ್ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ. ಆದರೆ ಟಿಎಸ್‌ಎಚ್ ನಡುರಾತ್ರಿಯ ಆಚೆಗೆ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಒಮ್ಮೆ ಬೆಳಗ್ಗೆ 7ಕ್ಕೆ, ಇನ್ನೊಮ್ಮೆ ಸಂಜೆ 4ಕ್ಕೆ ರಕ್ತ ಕೊಟ್ಟು ಎರಡು ಅಂಕಿಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ಸಲವೂ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಲ್ಯಾಬಿಗೆ ಹೋಗಿ.

ಮಾತ್ರೆ ನುಂಗುವವರು ಆ ದಿನ ರಕ್ತ ಕೊಟ್ಟ ಮೇಲೆಯೇ ನುಂಗುವುದು ಒಳ್ಳೆಯದು. ನುಂಗಿದ ಕೆಲವು ಗಂಟೆ ಫ್ರೀ ಟಿ4 ತಾತ್ಕಾಲಿಕವಾಗಿ ಏರಿರುತ್ತದೆ.

ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೂ ಲ್ಯಾಬಿಗೂ ತಪ್ಪದೆ ಹೇಳಿ. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳ ಪರೀಕ್ಷೆಯಲ್ಲಿ ಅಡ್ಡ ಬಂದು, ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ಎಂದು ತೋರಿಸಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು.

ಬೇರೆ ಕಾಯಿಲೆಯಿಂದ ಆಸ್ಪತ್ರೆ ಸೇರಿರುವಾಗ ಥೈರಾಯ್ಡ್ ಅಂಕಿಗಳು ತಾವಾಗಿ ಏರುಪೇರಾಗುತ್ತವೆ. ಬಲವಾದ ಅನುಮಾನವಿಲ್ಲದಿದ್ದರೆ ಚೇತರಿಸಿಕೊಂಡ ಮೇಲೆ ಪರೀಕ್ಷಿಸಿದರೆ ಸಾಕು.

ಮಾತ್ರೆ ನುಂಗುವ ಕ್ರಮ

ಲೆವೊಥೈರಾಕ್ಸಿನ್ ಅಳೆಯುವುದು ಮೈಕ್ರೊಗ್ರಾಂ ಲೆಕ್ಕದಲ್ಲಿ. 25, 50, 75, 100 ಹೀಗೆ ಮಾತ್ರೆಗಳು ಸಿಗುತ್ತವೆ. ಗ್ರಂಥಿ ಪೂರ್ತಿ ನಿಂತುಹೋದವರಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೊಗ್ರಾಂ ಬೇಕಾಗುತ್ತದೆ. ಇಷ್ಟು ಅಲ್ಪ ಪ್ರಮಾಣದ ಔಷಧ ಕರುಳಿನಲ್ಲಿ ಅರ್ಧಂಬರ್ಧ ಹೀರಿಕೆಯಾದರೆ ರಕ್ತಕ್ಕೆ ಸೇರುವ ಲೆಕ್ಕವೇ ತಲೆಕೆಳಗಾಗುತ್ತದೆ. ಕೆಳಗಿನ ನಿಯಮಗಳೆಲ್ಲ ಹುಟ್ಟಿರುವುದು ಇದರಿಂದಲೇ.

1. ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಬರಿಯ ನೀರಿನ ಜೊತೆ ನುಂಗಿ.

2. ಆಮೇಲೆ 30ರಿಂದ 60 ನಿಮಿಷ ಕಾಫಿ, ಟೀ, ಹಾಲು, ತಿಂಡಿ ಯಾವುದೂ ಬೇಡ. ಕಾಫಿ ಹೀರಿಕೆಯನ್ನು ತಗ್ಗಿಸುತ್ತದೆ. ಕಾಫಿಯಿಲ್ಲದೆ ಬೆಳಗಾಗದ ಮನೆಗಳಲ್ಲಿ, ಮಾತ್ರೆ ನುಂಗಿ ಸ್ನಾನ, ಪೂಜೆ, ವಾಕಿಂಗ್ ಮುಗಿಸಿ ಲೋಟ ಹಿಡಿದರೆ ಹೊತ್ತು ತಾನಾಗಿ ಕಳೆದಿರುತ್ತದೆ.

3. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆಯ ಅಂತರವಿರಲಿ. ಅವು ಕರುಳಿನಲ್ಲೇ ಥೈರಾಕ್ಸಿನ್ನನ್ನು ಹಿಡಿದಿಟ್ಟುಬಿಡುತ್ತವೆ. ಮಧ್ಯಾಹ್ನದ ಊಟಕ್ಕೋ ರಾತ್ರಿಗೋ ಅವನ್ನು ವರ್ಗಾಯಿಸಿ. ಆ್ಯಂಟಾಸಿಡ್‌ಗೂ ಇದೇ ನಿಯಮ. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಮಾತ್ರೆ ದಿನವೂ ಬೇಕಿದ್ದರೆ ವೈದ್ಯರಿಗೆ ತಿಳಿಸಿ, ಡೋಸ್ ಬದಲಿಸಬೇಕಾಗಬಹುದು.

4. ಬೆಳಗಿನ ಗಡಿಬಿಡಿಯಲ್ಲಿ ಆಗುವುದೇ ಇಲ್ಲವೆನ್ನುವವರು, ಊಟವಾಗಿ ಕನಿಷ್ಠ 3 ಗಂಟೆ ಬಿಟ್ಟು ಮಲಗುವ ಮುನ್ನ ನುಂಗಬಹುದು. ಬೆಳಗ್ಗೆಯೋ ರಾತ್ರಿಯೋ, ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

5. ಮರೆತರೆ ಗಾಬರಿ ಬೇಡ. ಅದೇ ದಿನ ನೆನಪಾದರೆ ಹೊಟ್ಟೆ ಖಾಲಿಯಿರುವ ಹೊತ್ತು ನೋಡಿ ನುಂಗಿ. ಮರುದಿನ ನೆನಪಾದರೆ ಎಂದಿನಂತೆ ಮುಂದುವರಿಸಿ. ಟಿ4 ರಕ್ತದಲ್ಲಿ ಬಹುಕಾಲ ಉಳಿಯುವುದರಿಂದ ಒಂದು ದಿನ ತಪ್ಪಿದರೆ ದೊಡ್ಡ ಏರುಪೇರಾಗುವುದಿಲ್ಲ.

6. ಮಾತ್ರೆ ಬಿಸಿ, ತೇವ, ಬೆಳಕಿಗೆ ಕೆಡುತ್ತದೆ. ಒಲೆಯ ಪಕ್ಕದ ಕಪಾಟು, ಬಚ್ಚಲುಮನೆಯ ಗೂಡು, ಬಿಸಿಲಲ್ಲಿ ನಿಂತ ಕಾರು ಅದಕ್ಕೆ ತಕ್ಕ ಜಾಗಗಳಲ್ಲ. ಡಬ್ಬಿಯಲ್ಲಿ ಬಂದದ್ದನ್ನು ಅದೇ ಡಬ್ಬಿಯಲ್ಲಿ ಮುಚ್ಚಿಡಿ.

7. ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ಪರೀಕ್ಷಿಸಿ. ರಕ್ತದ ಟಿ4 ಹೊಸ ಮಟ್ಟಕ್ಕೆ ಬಂದು, ಪಿಟ್ಯುಟರಿ ಅದಕ್ಕೆ ತಕ್ಕಂತೆ ದನಿ ಹೊಂದಿಸಿಕೊಳ್ಳಲು ಅಷ್ಟು ಕಾಲ ಬೇಕು. ಬ್ರ್ಯಾಂಡ್ ಬದಲಾದಾಗಲೂ ಹೀಗೆಯೇ ಮಾಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ವರದಿ ಸರಿ ಬಂತೆಂದು ಮಾತ್ರೆ ಬಿಡುವುದು.* ಟಿಎಸ್‌ಎಚ್ ಸರಿಯಾಗಿರುವುದು ಮಾತ್ರೆಯ ಬಲದಿಂದ. ಬಿಟ್ಟ ಕೂಡಲೇ ಏನೂ ಅನ್ನಿಸುವುದಿಲ್ಲ. ವಾರಗಳು ಕಳೆದಂತೆ ಸುಸ್ತು ಮರಳುತ್ತದೆ, ಆಗ ಕಾರಣ ಹೊಳೆಯುವುದಿಲ್ಲ. ಹೆರಿಗೆಯ ಬಳಿಕ ಒಂದು ವರ್ಷದೊಳಗೆ ಕಾಣಿಸಿಕೊಂಡ ಕೊರತೆ ತಾತ್ಕಾಲಿಕವಾಗಿರಬಹುದು. ಅಂಥ ಕಡೆಯೂ ಮಾತ್ರೆ ನಿಲ್ಲಿಸಿ ನೋಡುವ ನಿರ್ಧಾರ ವೈದ್ಯರದಾಗಿರಲಿ.

*ಸುಸ್ತೆಂದು ತಾವೇ ಎರಡು ನುಂಗುವುದು.* ಹೆಚ್ಚಾದ ಥೈರಾಕ್ಸಿನ್ ಹೃದಯದ ಲಯ ಕೆಡಿಸುತ್ತದೆ, ಮೂಳೆ ಸವೆಸುತ್ತದೆ. ಮುಟ್ಟು ನಿಂತ ಮಹಿಳೆಯರಿಗೆ ಈ ಅಪಾಯ ಹೆಚ್ಚು. ತೂಕ ಇಳಿಸುವ ಆಸೆಗೆ ಇದನ್ನು ನುಂಗುವುದಂತೂ ಸಲ್ಲದು.

*ತೂಕವೆಲ್ಲ ಥೈರಾಯ್ಡಿನದೇ ಎಂದುಕೊಳ್ಳುವುದು.* ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ. ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಉಳಿದದ್ದಕ್ಕೆ ಊಟ, ನಿದ್ದೆ, ನಡಿಗೆಯ ಕಡೆ ನೋಡಬೇಕು. ಸುಸ್ತು ಇಳಿಯದಿದ್ದರೆ ರಕ್ತಹೀನತೆ, ವಿಟಮಿನ್ ಬಿ12 ಕೊರತೆಯೂ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ.

*ಎಲೆಕೋಸು, ಹೂಕೋಸಿಗೆ ಹೆದರುವುದು.* ಬೇಯಿಸಿ, ವಾಡಿಕೆಯ ಪ್ರಮಾಣದಲ್ಲಿ ತಿಂದರೆ ತೊಂದರೆಯಿಲ್ಲ. ಮಾತ್ರೆಗೆ ಅಡ್ಡಿ ಮಾಡುವ ಬೆಳಗಿನ ಕಾಫಿಯನ್ನು ಹಾಗೆಯೇ ಉಳಿಸಿಕೊಂಡು ಪಲ್ಯ ಬಿಡುವುದರಿಂದ ಪ್ರಯೋಜನವಿಲ್ಲ.

*ಅಯೋಡಿನ್ ಗುಳಿಗೆ, ಸಮುದ್ರಪಾಚಿಯ ಪುಡಿ ತಾವೇ ಶುರು ಮಾಡುವುದು.* ಹಶಿಮೊಟೊದಂಥ ಕಾಯಿಲೆಯಲ್ಲಿ ಅತಿ ಅಯೋಡಿನ್ ಗ್ರಂಥಿಯನ್ನು ಇನ್ನಷ್ಟು ಕುಗ್ಗಿಸಬಹುದು.

ಇವರಿಗೆ ಹೆಚ್ಚಿನ ಎಚ್ಚರ

ಗರ್ಭಿಣಿಯರು: ಹೊಟ್ಟೆಯೊಳಗಿನ ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡುವುದು ಸುಮಾರು 12 ವಾರದ ನಂತರ. ಅಲ್ಲಿಯವರೆಗೆ ಮಗುವಿನ ಮೆದುಳಿಗೆ ಬೇಕಾದ ಹಾರ್ಮೋನು ಬರುವುದು ತಾಯಿಯಿಂದ. ಮೊದಲೇ ಮಾತ್ರೆ ನುಂಗುತ್ತಿರುವವರಿಗೆ ಡೋಸ್ ಸಾಮಾನ್ಯವಾಗಿ ಕಾಲು ಭಾಗಕ್ಕೂ ಹೆಚ್ಚು ಏರಬೇಕಾಗುತ್ತದೆ. ಗರ್ಭ ನಿಂತಿದೆಯೆಂದು ತಿಳಿದ ವಾರದಲ್ಲೇ ವೈದ್ಯರನ್ನು ಕಾಣಿ, ಮೂರನೇ ತಿಂಗಳ ಸ್ಕ್ಯಾನಿಗೆಂದು ಕಾಯಬೇಡಿ. ಗರ್ಭಿಣಿಯರ ಟಿಎಸ್‌ಎಚ್ ಮಿತಿಯೂ ಬೇರೆ.

ನವಜಾತ ಶಿಶುಗಳು: ಭಾರತದಲ್ಲಿ ಸುಮಾರು ಸಾವಿರಕ್ಕೆ ಒಂದು ಮಗು ಥೈರಾಯ್ಡ್ ಕೊರತೆಯೊಂದಿಗೆ ಹುಟ್ಟುತ್ತದೆ. ನೋಡಲು ಮಗು ಚೆನ್ನಾಗಿಯೇ ಇರುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆಗೆ ಸಾಮಾನ್ಯವಾಗಿ ಧಕ್ಕೆಯಾಗುವುದಿಲ್ಲ. ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತ ತೆಗೆದು ಈ ಪರೀಕ್ಷೆ ಮಾಡುತ್ತಾರೆ. ಮನೆಗೆ ಹೊರಡುವ ಮುನ್ನ "ಮಗುವಿಗೆ ಟಿಎಸ್‌ಎಚ್ ಮಾಡಿದ್ದೀರಾ?" ಎಂದು ಕೇಳಿ.

ಹಿರಿಯರು, ಹೃದ್ರೋಗಿಗಳು: ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ. ಚಿಕಿತ್ಸೆ ಬೇಕಾದರೂ 12.5 ಅಥವಾ 25 ಮೈಕ್ರೊಗ್ರಾಂನಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ನಿಧಾನವಾಯಿತೆಂದು ಅವಸರಪಡಿಸಬೇಡಿ, ದಣಿದ ಹೃದಯಕ್ಕೆ ಒಮ್ಮೆಲೇ ಕೆಲಸ ಹೆಚ್ಚಾಗಬಾರದೆಂಬ ಕಾಳಜಿ ಅದು.

ಪಿಟ್ಯುಟರಿ ಪೆಟ್ಟು ತಿಂದವರು: ಇವರಲ್ಲಿ ಅಡ್ರಿನಲ್ ಗ್ರಂಥಿಗೆ ಹೋಗುವ ಕರೆಯೂ ನಿಂತಿರಬಹುದು. ಆ ಕೊರತೆಯನ್ನು ಮೊದಲು ಸ್ಟಿರಾಯ್ಡಿನಿಂದ ಸರಿಪಡಿಸದೆ ಥೈರಾಕ್ಸಿನ್ ಕೊಟ್ಟರೆ ಪ್ರಾಣಾಪಾಯವಾಗಬಹುದು. ಹೆರಿಗೆಯಲ್ಲಿ ರಕ್ತ ಹೋಗಿದ್ದ ಸಂಗತಿಯನ್ನು, ಎಷ್ಟೇ ಹಳೆಯದಾಗಿರಲಿ, ವೈದ್ಯರಿಗೆ ಹೇಳಿ.

ಥೈರಾಯ್ಡ್ ಹೆಚ್ಚಾಗಿ ಕಾರ್ಬಿಮಜೋಲ್ ನುಂಗುತ್ತಿರುವವರು: ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಿ. ಅಪರೂಪಕ್ಕೆ ಈ ಔಷಧದಿಂದ ಅವು ಕುಸಿಯುವುದುಂಟು.

ಉಪ್ಪಿನ ಡಬ್ಬಿಯ ಕಡೆಗೊಂದು ನೋಟ

ಪಿಟ್ಯುಟರಿ ಎಷ್ಟೇ ಕೂಗಲಿ, ಅಯೋಡಿನ್ ಇಲ್ಲದೆ ಥೈರಾಯ್ಡಿನಿಂದ ಹಾರ್ಮೋನು ತಯಾರಾಗದು. ಕೂಗು ನಿಲ್ಲದಿದ್ದಾಗ ಗ್ರಂಥಿ ಊದಿಕೊಳ್ಳುತ್ತದೆ, ಗಳಗಂಡವೆಂದರೆ ಅದೇ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಅಧ್ಯಯನ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ತಗ್ಗುತ್ತದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ ಸುಮಾರು 250. ಸೈಂಧವ ಲವಣ, ಬಿಡಿಯಾಗಿ ಮಾರುವ ಕಲ್ಲುಪ್ಪಿನಲ್ಲಿ ಅದು ಸಾಕಷ್ಟು ಇರುತ್ತದೆಂಬ ಭರವಸೆಯಿಲ್ಲ. ಅಯೋಡಿನ್ ಸೇರಿಸಿದ ಉಪ್ಪಿನ ಪೊಟ್ಟಣ ತನ್ನಿ, ಒಣ ಡಬ್ಬಿಯಲ್ಲಿ ಮುಚ್ಚಳ ಬಿಗಿದು ಒಲೆಯಿಂದ ದೂರ ಇಡಿ. ಪ್ರಮಾಣ ಹೆಚ್ಚಿಸಬೇಕಾಗಿಲ್ಲ, ರಕ್ತದೊತ್ತಡದ ಮಿತಿ ಇದ್ದೇ ಇದೆ.

ವೈದ್ಯರ ಬಳಿ ಹೋಗುವಾಗ

ಒಂದು ಹಾಳೆಯಲ್ಲಿ ಐದು ಸಂಗತಿ ಬರೆದುಕೊಂಡು ಹೋದರೆ ಹತ್ತು ನಿಮಿಷದ ಭೇಟಿಯಲ್ಲಿ ಯಾವುದೂ ಮರೆತುಹೋಗುವುದಿಲ್ಲ: ಹಿಂದಿನ ಟಿಎಸ್‌ಎಚ್ ಅಂಕಿಗಳು ಮತ್ತು ತಾರೀಖು, ಈಗಿನ ಡೋಸ್ ಮತ್ತು ಬ್ರ್ಯಾಂಡ್, ಮಾತ್ರೆ ನುಂಗುವ ಮತ್ತು ಆಮೇಲೆ ಕಾಫಿ ಕುಡಿಯುವ ಹೊತ್ತು, ಬೇರೆ ಎಲ್ಲ ಮಾತ್ರೆ, ಪುಡಿ, ಲೇಹ್ಯಗಳ ಹೆಸರು, ಹೆರಿಗೆಗಳ ವಿವರ.

ಚಿಕ್ಕಮ್ಮನಂಥವರಿಗೆ ಮೂರನೆಯ ಸಾಲೇ ಮುಖ್ಯ. ಕಾಫಿಗೂ ಮಾತ್ರೆಗೂ ನಡುವೆ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿಗೆ ದಾಟಿಸಿ, ಈಗಿನ ಡೋಸಿನಲ್ಲೇ ಎಂಟು ವಾರ ಮುಂದುವರಿಸಬೇಕೇ, ಇಳಿಸಿ ಶುರು ಮಾಡಬೇಕೇ ಎಂಬುದನ್ನು ವೈದ್ಯರನ್ನೇ ಕೇಳಬೇಕು. ಹೀರಿಕೆ ಸುಧಾರಿಸಿದರೆ ಇಷ್ಟು ದಿನ ಏರಿಸಿದ್ದ ಡೋಸ್ ಹೆಚ್ಚಾಗಿಬಿಡಬಹುದು. ಎದೆಬಡಿತ, ಕೈನಡುಕ ಕಾಣಿಸಿಕೊಂಡರೆ ಎಂಟು ವಾರ ಕಾಯದೆ ಮೊದಲೇ ಪರೀಕ್ಷೆ ಮಾಡಿಸಬೇಕು.